ಹೊಸ ಸರ್ವರ್ ಬೇಕಾ ಬೇಡ್ವಾ: ಹಾಲಿನ ಡೈರಿ ಡೇಟಾಬೇಸ್ ಕಥೆ

ಹಾಲು ಸಂಘಗಳಿಗೆ ಸಾಫ್ಟ್‌ವೇರ್ ಕೊಡೋ ಚಿಕ್ಕ ಕಂಪನೀಲಿ ಡೇಟಾಬೇಸ್ ನೋಡ್ಕೊಳ್ಳೋದು ನನ್ನ ಕೆಲಸ. ಬೆಳಿಗ್ಗೆ 6ರಿಂದ 8ರ ತನಕ ಎಲ್ಲಾ ಡೈರಿಗಳಿಂದ ಒಟ್ಟಿಗೇ ಎಂಟ್ರಿ ಬೀಳುತ್ತೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್ಫು (ಕೊಬ್ಬು ಬಿಟ್ಟು ಹಾಲಲ್ಲಿರೋ ಘನಾಂಶ), ಕೊನೇಲಿ ಆ ರೈತರಿಗೆ ಈ ತಿಂಗಳು ಇಲ್ಲೀವರೆಗೆ ಎಷ್ಟಾಯ್ತು ಅಂತ ಒಂದು ಸ್ಲಿಪ್ಪು. ಆ ಸ್ಲಿಪ್ಪಿಗೆ ನಾಲ್ಕೈದು ಸೆಕೆಂಡ್ ಹಿಡಿಯೋಕೆ ಶುರುವಾಯ್ತು, ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತೋರು ಸೆಕ್ರೆಟರಿನ ಬೈತಾರೆ, ಸೆಕ್ರೆಟರಿ ನಮಗೆ ಫೋನ್ ಹಾಕಿ ಬೈತಾರೆ. ಅಷ್ಟೊತ್ತಿಗೆ ಬಾಸು 32 ಕೋರು (ಲೆಕ್ಕ ಮಾಡೋ ಪ್ರೊಸೆಸರ್ ಭಾಗಗಳು), 128 ಜಿಬಿ ರ‍್ಯಾಮಿನ ಹೊಸ ಸರ್ವರ್‌ಗೆ ಕೊಟೇಶನ್ ತರಿಸಿ ಇಟ್ಟಿದ್ರು. ಎರಡು ದಿನ ಟೈಮ್ ಕೊಡಿ ಸರ್ ಅಂದೆ.

ಇರೋದು 4 ಕೋರು, 8 ಜಿಬಿ ರ‍್ಯಾಮು, 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಎರಡು, ಮೇಲೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್. ಮಾರನೇ ಬೆಳಿಗ್ಗೆ 6ಕ್ಕೇ ಎದ್ದು ಸಿಪಿಯು, ಡಿಸ್ಕು ಎಷ್ಟು ಬಿಜಿ ಅಂತ ತೋರಿಸೋ ವಿಎಂಸ್ಟ್ಯಾಟು, ಐಓಸ್ಟ್ಯಾಟು ಹಾಕ್ಕೊಂಡು ಕೂತೆ (ಮಧ್ಯಾಹ್ನ ನೋಡಿದ್ರೆ ಏನೂ ಗೊತ್ತಾಗಲ್ಲ, ನೋವಿದ್ದಾಗಲೇ ನಾಡಿ ನೋಡ್ಬೇಕು). ಸಿಪಿಯು 15% ದಾಟಿಲ್ಲ, ಸ್ವಾಪ್ (ಮೆಮೊರಿ ಸಾಲದೆ ಡಿಸ್ಕ್ ಬಳಸೋದು) ಸೊನ್ನೆ, ಐಓ ವೆಯ್ಟು (ಸಿಪಿಯು ಡಿಸ್ಕಿಗೋಸ್ಕರ ಕಾಯೋ ಹೊತ್ತು) ಮಾತ್ರ 40%ರ ಮೇಲೆ, ಡಿಸ್ಕು 100% ಬಿಜಿ. ಅಂದ್ರೆ 32 ಕೋರ್ ತಂದಿದ್ರೆ 32ಕ್ಕೆ 32ನೂ ಡಿಸ್ಕಿನ ದಾರಿ ಕಾಯ್ತಾ ಕೂರ್ತಿದ್ವು.

ಸರಿ, ಡಿಸ್ಕನ್ನ ಇಷ್ಟು ತಿಂತಿರೋದು ಯಾರು? ಯಾವ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಎಷ್ಟು ಹೊತ್ತು ತಿಂತು ಅಂತ ಲೆಕ್ಕ ಇಡೋ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸಲ್ಲಿ ಮೊದಲನೇ ಸಾಲೇ ಆ ಸ್ಲಿಪ್ಪಿನ ಕ್ವೆರಿ. ಅದು ಹೇಗೆ ಓಡುತ್ತೆ ಅಂತ ತೋರಿಸೋ ಎಕ್ಸ್‌ಪ್ಲೇನ್ ಅನಲೈಜ್ ಮಾಡಿದ್ರೆ, ರೈತರ ನಂಬರ್ ಮೇಲೆ ಇಂಡೆಕ್ಸ್ (ಬೇಗ ಹುಡುಕೋ ಪಟ್ಟಿ) ಇದೆ, ಆದ್ರೆ ತಿಂಗಳನ್ನ ಯಾರೋ ಪುಣ್ಯಾತ್ಮರು ತಾರೀಖನ್ನ ಅಕ್ಷರ ಮಾಡೋ ಟು-ಚಾರ್ ಫಂಕ್ಷನ್ ಒಳಗೆ ಸುತ್ತಿಟ್ಟಿದ್ದಾರೆ, ತಿಂಗಳು ಹುಡುಕೋಕೆ ಇಂಡೆಕ್ಸ್ ಸಿಗಲ್ಲ. ಹಾಗಾಗಿ ಒಬ್ಬ ರೈತನ ಏಳು ವರ್ಷದ್ದು, ದಿನಕ್ಕೆ ಎರಡರಂತೆ ಐದು ಸಾವಿರ ಚಿಲ್ಲರೆ ಸಾಲು ತೆಗೆದು, ಅದರಲ್ಲಿ ನಲವತ್ತು ಇಟ್ಕೊಂಡು ಉಳಿದಿದ್ದು ಬಿಸಾಕುತ್ತೆ. ಆ ಸಾಲುಗಳೇನು ಒಂದೇ ಕಡೆ ಇರ್ತಾವಾ, ಒಂದೊಂದು ಹೊತ್ತಿನದು ಡಿಸ್ಕಿನ ಒಂದೊಂದು ಪುಟದಲ್ಲಿ, ಇಂಥ ಡಿಸ್ಕು ಹಾಗೆ ಅಲ್ಲೊಂದು ಇಲ್ಲೊಂದು ಓದೋದು ಸೆಕೆಂಡಿಗೆ ನೂರರ ಆಸುಪಾಸು ಅಷ್ಟೇ, ಕ್ಯಾಶಲ್ಲಿ (ಮೆಮೊರೀಲಿ ಮೊದಲೇ ಇಟ್ಕೊಂಡಿದ್ದರಲ್ಲಿ) ಸಿಗದ ನಾಲ್ಕೈದು ನೂರು ಪುಟಕ್ಕೆ ನಾಲ್ಕೈದು ಸೆಕೆಂಡು. ಲೆಕ್ಕ ಸರಿಹೋಯ್ತು.

ತಾರೀಖನ್ನ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ನೇರ ಬರೆದು, ರೈತರ ನಂಬರು, ತಾರೀಖು ಎರಡೂ ಸೇರಿಸಿ ಇಂಡೆಕ್ಸ್ ಹಾಕಿದೆ, ಎಂಟ್ರಿ ನಿಲ್ಲಬಾರದು ಅಂತ ಕನ್‌ಕರೆಂಟ್ಲಿ ಅನ್ನೋ ಆಯ್ಕೆ ಕೊಟ್ಟು. ಸ್ಲಿಪ್ಪು ಕೆಲವು ಮಿಲಿಸೆಕೆಂಡಿಗೆ ಬಂತು. 128 ಜಿಬಿ ಹಾಕಿದ್ರೂ ಸ್ಪೀಡ್ ಆಗ್ತಿತ್ತು, ಸುಳ್ಳು ಹೇಳಲ್ಲ, ಇಡೀ ಟೇಬಲ್ ರ‍್ಯಾಮಲ್ಲೇ ಕೂರ್ತಿತ್ತು. ಆದ್ರೆ ಕ್ವೆರೀಲಿ ಒಂದು ಸಾಲು ತಿದ್ದೋದಕ್ಕೆ ಲಕ್ಷಗಟ್ಟಲೆ ಸುರಿಯೋದಾ?

ಇಷ್ಟಾದ್ರೂ 7 ಗಂಟೆ ಹೊತ್ತಿಗೆ ಸೇವ್ ಒತ್ತಿದ್ರೆ ಸ್ವಲ್ಪ ತಡೀತಿತ್ತು. ಪ್ರತಿ ಕಮಿಟ್ಟೂ (ಎಂಟ್ರಿ ಪಕ್ಕಾ ಆಗೋ ಹಂತ) ಡಿಸ್ಕಿಗೆ ಬರೆದಾಯ್ತು ಅನ್ನೋವರೆಗೆ ಕಾಯ್ಬೇಕಲ್ಲ, ಸೆಕೆಂಡಿಗೆ 120 ಸುತ್ತು ತಿರುಗೋ ಡಿಸ್ಕಿಂದ ಇನ್ನೆಷ್ಟು ಕೇಳ್ತೀರ. ಹಾಗೆ ಕಾಯಿಸೋ ಸಿಂಕ್ರೊನಸ್ ಕಮಿಟ್ ಸೆಟ್ಟಿಂಗ್ ಆಫ್ ಮಾಡಿದ್ರೆ ಬಿಟ್ಟಿ ಸ್ಪೀಡು, ಆದ್ರೆ ಕರೆಂಟ್ ಹೋದ್ರೆ ಕೊನೇ ಒಂದೆರಡು ಎಂಟ್ರಿ ಮಾಯ, ಅಂದ್ರೆ ಯಾರದೋ ಬಟವಾಡೇಲಿ ಹಾಲು ಕಮ್ಮಿ. ಬೇಡ ಅನ್ನಿಸ್ತು. ಸಾಲ ತಂದ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ಡಿಸ್ಕು) ಮೇಲೆ ಪಿಜಿಬೆಂಚ್ ಅನ್ನೋ ಪರೀಕ್ಷೆ ಟೂಲಲ್ಲಿ ನಮ್ಮದೇ ಎಂಟ್ರಿಗಳನ್ನ ಓಡಿಸಿ ನೋಡಿದೆ, ತಡೆಯೋದು ಪೂರ್ತಿ ಹೋಯ್ತು. ರ‍್ಯಾಮ್ 16 ಮಾಡಿ ನೋಡಿದ್ರೆ ಏನೂ ಬದಲಾಗಲಿಲ್ಲ. ಕೊನೆಗೆ ತಗೊಂಡಿದ್ದು ಎರಡೇ ಎಸ್‌ಎಸ್‌ಡಿ, ಕರೆಂಟ್ ಹೋದ್ರೂ ಡೇಟಾ ಉಳಿಸೋ ಕೆಪಾಸಿಟರ್ ಇರೋಂಥವು. ರ‍್ಯಾಂಡಮ್ ಪೇಜ್ ಕಾಸ್ಟ್ (ಅಲ್ಲೊಂದು ಇಲ್ಲೊಂದು ಓದೋದು ಎಷ್ಟು ದುಬಾರಿ ಅಂತ ಪೋಸ್ಟ್‌ಗ್ರೆಸ್‌ಗೆ ಹೇಳೋ ಸೆಟ್ಟಿಂಗು) 4ರಿಂದ 1.1ಕ್ಕೆ ಇಳಿಸಿದೆ, ಅಷ್ಟೇ.

ತಿಂಗಳ ಕೊನೇ ಬಟವಾಡೆ ರಿಪೋರ್ಟ್ ಮಾತ್ರ ಈಗ್ಲೂ 20 ನಿಮಿಷ. ಅದು ಒಬ್ಬೊಬ್ಬ ರೈತರನ್ನೇ ಲೂಪಲ್ಲಿ ಸುತ್ತೋ ಫಂಕ್ಷನ್, ಒಂದೇ ಕೋರ್ ಮೇಲೆ ಓಡುತ್ತೆ, ಬೇರೆ ಮೂರು ಸುಮ್ನೆ ನೋಡ್ತಾ ಕೂತಿರ್ತವೆ. ತಿರುಗಾ ಬರೀಬೇಕು, ಟೈಮಿಲ್ಲ, ರಾತ್ರಿ ಹಾಕಿ ಮಲಗ್ತೀವಿ.