ಕನ್ನಂಬಾಡಿ ಮಟ್ಟ ಹಿಡಿದು ಗಣಿತ ಪದವಿ ಮುಗಿಸಿದ ನನ್ನ ಅನುಭವ

ಡಿಫರೆನ್ಷಿಯಲ್ ಈಕ್ವೇಶನ್ (ಬದಲಾವಣೆಯ ದರದ ಸಮೀಕರಣ) ಪತ್ರಿಕೆಯಲ್ಲಿ ಮೊದಲ ಸಲ ನನಗೆ ಬಂದದ್ದು ಅರವತ್ತಕ್ಕೆ ಹದಿನಾರೋ ಹದಿನೇಳೋ. ಟ್ಯೂಷನ್‌ಗೆ ಕೊಟ್ಟ ನಾಲ್ಕು ಸಾವಿರ, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್‌ಗೆ ಸುರಿದ ಆರುನೂರು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತಾಯಿತು. ಸೋದರಮಾವ, "ಸುಮ್ಮನೆ ಬಿ.ಎಡ್. ಮಾಡು, ಈ ಅನ್ವಯಿಕ ಗಣಿತವೆಲ್ಲ ನಮಗಲ್ಲ" ಎಂದರು.

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲು. ಎದುರು ಕುಳಿತವರ ದಿನಪತ್ರಿಕೆಯಲ್ಲಿ ಕೆಆರ್‌ಎಸ್, ಅಂದರೆ ಕನ್ನಂಬಾಡಿ ಅಣೆಕಟ್ಟಿನ ಅಂಕಿಗಳು: ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ. ನಮ್ಮ ಕಡೆಯವರು ಮೊದಲು ಓದುವುದೇ ಅದನ್ನು. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಸಿಗುವುದು ಸಂಗ್ರಹ ಬದಲಾಗುವ ದರ. ತರಗತಿಯಲ್ಲಿ ಮಾಡಿಸುವ ಉಪ್ಪುನೀರಿನ ತೊಟ್ಟಿಯ ಲೆಕ್ಕವೂ ಇದೇ ಜಾತಿಯದು. ಅಂದಿನಿಂದ ಪ್ರತಿ ಅಧ್ಯಾಯವನ್ನೂ ಮೊದಲು ಕನ್ನಂಬಾಡಿಯ ಮೇಲೆ ಪ್ರಯೋಗಿಸಿದೆ. "ಪರೀಕ್ಷೆಯಲ್ಲಿ ಅಣೆಕಟ್ಟು ಕೇಳುವುದಿಲ್ಲ" ಎಂದು ಮೇಷ್ಟ್ರು ನಕ್ಕರು.

ಮೊದಲ ಎರಡು ತಿಂಗಳು ಬರೀ ಎಡವಟ್ಟು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; 11,574 ಕ್ಯುಸೆಕ್ ನೀರು ದಿನಪೂರ್ತಿ ಹರಿದರೆ ಒಂದು ಟಿಎಂಸಿ. ನಾನು ದಿನದ 86,400 ಸೆಕೆಂಡುಗಳಿಂದ ಗುಣಿಸುವಲ್ಲಿ ಗಂಟೆಯ 3,600ರಿಂದ ಗುಣಿಸಿ, ತಿಂಗಳಲ್ಲಿ ತುಂಬುವ ಜಲಾಶಯಕ್ಕೆ ಎರಡು ವರ್ಷ ಬೇಕೆಂದು ಬರೆದಿದ್ದೆ. ಆಮೇಲೆ ಜಲಾಶಯವನ್ನು ನೆಟ್ಟಗೋಡೆಯ ತೊಟ್ಟಿ ಎಂದುಕೊಂಡೆ: 124.80 ಅಡಿಗೆ 49.45 ಟಿಎಂಸಿ, ಹಾಗಾದರೆ ಅರ್ಧ ಮಟ್ಟಕ್ಕೆ ಅರ್ಧ ನೀರು! ಮೇಲಿನ ಒಂದು ಅಡಿ ಹಿಡಿಯುವ ನೀರೆಲ್ಲಿ, ತಳದ ಒಂದು ಅಡಿಯದೆಲ್ಲಿ. ಹಳೆಯ ದಿನಪತ್ರಿಕೆಗಳಿಂದ ಮಟ್ಟ-ಸಂಗ್ರಹದ ಹನ್ನೆರಡು ಬಿಂದು ಆರಿಸಿ, ಎಲ್ಲ ಬಿಂದುಗಳ ಮೂಲಕ ಒಂದೇ ವಕ್ರರೇಖೆ ಹಾಯಿಸುವ ಲಗ್ರಾಂಜ್ ಸೂತ್ರದಲ್ಲಿ ಹನ್ನೊಂದನೆಯ ಘಾತದ ಬಹುಪದ ಕಟ್ಟಿದೆ. ಬಿಂದುಗಳಲ್ಲಿ ಕರಾರುವಾಕ್ಕು, ತುದಿಗಳ ಬಳಿ ಹುಚ್ಚು ಕುಣಿತ, ಮಟ್ಟ ಏರಿದರೆ ನೀರು ಇಳಿಯುತ್ತಿತ್ತು. ಬಿಂದುಗಳ ನಡುವೆ ತುಂಡುತುಂಡಾಗಿ ಮೂರನೆಯ ಘಾತದ ರೇಖೆಗಳನ್ನು ನಯವಾಗಿ ಜೋಡಿಸುವ ಕ್ಯೂಬಿಕ್ ಸ್ಪ್ಲೈನ್ ಹಾಕಿದ ಮೇಲೆ ತೆಪ್ಪಗಾಯಿತು. ಬೇಸಿಗೆಯಲ್ಲಿ ಆವಿಯಾಗುವ ನೀರನ್ನು ಹೇಗೆ ಕಳೆದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಒಂದು ಪುಟಕ್ಕೆ ಆರು ವಾರ ತೆತ್ತಿದ್ದೇನೆ.

ದಿನಕ್ಕೊಂದೇ ಅಂಕಿ ಸಿಗುವಾಗ ಸಮೀಕರಣವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ವಿಧಾನಗಳಲ್ಲಿ ನಿಖರವಾದ ರುಂಗೆ-ಕುಟ್ಟಾ ಹಾಕಿದರೂ ಸರಳವಾದ ಆಯ್ಲರ್ ಹಾಕಿದರೂ ಹೆಚ್ಚು ವ್ಯತ್ಯಾಸವಿಲ್ಲ. ಇದನ್ನು ನಾನೇ ಕಂಡುಕೊಂಡೆ, ನಾಲ್ಕು ಸಾವಿರದ ಟ್ಯೂಷನ್ನಿನಲ್ಲಿ ಯಾರೂ ಹೇಳಲಿಲ್ಲ.

ಖರ್ಚು: ಹಳೆಯ ಲ್ಯಾಪ್‌ಟಾಪ್ ಸುಮಾರು ಹನ್ನೊಂದು ಸಾವಿರ, ಅದರ ಬ್ಯಾಟರಿ ಮತ್ತೆ ಎರಡು ಸಾವಿರ. ಲೆಕ್ಕ ಹಾಕಲು ಬಳಸಿದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ. ವಾರದ ಹರಿವಿನಿಂದ ಲೆಕ್ಕ ಹಾಕಿದ ಮಟ್ಟ ಕೊನೆಗೆ ಕಾಲು ಅಡಿಯೊಳಗೆ ಕೂಡಿಬಂತು. ಅದೇ ಪತ್ರಿಕೆಯನ್ನು ಮತ್ತೆ ಬರೆದಾಗ ಐವತ್ತರ ಆಸುಪಾಸು. ಮೇಷ್ಟ್ರು ನನ್ನ ಗ್ರಾಫ್ ಕೇಳಿ ಪಡೆದರು. ಮಾವನಂತೂ ನಾಟಿಗೆ ಮೊದಲು ಫೋನ್ ಮಾಡುತ್ತಾರೆ. ನಾಲೆಗೆ ನೀರು ಬಿಡುವ ದಿನ ನನ್ನ ಸಮೀಕರಣದಲ್ಲಿಲ್ಲ ಎಂದರೆ ನಂಬುವುದಿಲ್ಲ.

ನಡುವೆ, ವಸ್ತು ಸುತ್ತಲಿಗಿಂತ ಎಷ್ಟು ಬಿಸಿಯೋ ಅಷ್ಟು ಬೇಗ ತಣಿಯುತ್ತದೆ ಎಂಬ ನ್ಯೂಟನ್ನನ ತಂಪಾಗುವ ನಿಯಮವನ್ನು ಪರೀಕ್ಷಿಸಲು ಊರಿನ ಆಲೆಮನೆಗೂ ಹೋಗಿದ್ದೆ. ಬೆಲ್ಲದ ಪಾಕ ಇಳಿಸುವ ಹೊತ್ತಿಗೆ 118 ಡಿಗ್ರಿಯ ಹತ್ತಿರವಿರುತ್ತದೆ. ನನ್ನ ಕೈಯಲ್ಲಿದ್ದದ್ದು 110ರವರೆಗಿನ ಪ್ರಯೋಗಾಲಯದ ಥರ್ಮಾಮೀಟರ್. ಒಡೆಯಿತು. ಕೊಪ್ಪರಿಗೆಯ ಅಷ್ಟೂ ಪಾಕವನ್ನು ಚೆಲ್ಲಿಸಿ ಅದರ ದುಡ್ಡು ಕಟ್ಟಿಕೊಟ್ಟೆ. ಈಗ 200 ಡಿಗ್ರಿಯದು ತಂದಿಟ್ಟಿದ್ದೇನೆ, ಆಲೆಮನೆಯವರು ಮಾತ್ರ ಇನ್ನೂ ಒಳಗೆ ಬಿಟ್ಟಿಲ್ಲ.