ತಪ್ಪು ಜಿಎಫ್‌ಪಿ ಫ್ಲ್ಯಾಗನ್ನು ಬಾಗಿಲಲ್ಲೇ ಹಿಡಿದೆ: ನನ್ನ ಅನುಭವ

ಲಿನಕ್ಸ್ ಕರ್ನಲ್ ಒಳಗೆ ಮೆಮೊರಿ ಕೇಳುವ ಫಂಕ್ಷನ್ ಕೆಮ್ಯಾಲಾಕ್. ಎಂಥ ಮೆಮೊರಿ ಬೇಕು ಅಂತ ಅದಕ್ಕೆ ಹೇಳುವ ಬಿಟ್‌ಗಳೇ ಜಿಎಫ್‌ಪಿ ಫ್ಲ್ಯಾಗ್. ಪ್ರತಿ ಕೆಮ್ಯಾಲಾಕ್‌ಗೂ ಫ್ಲ್ಯಾಗ್ ಚೆಕ್ ಹಾಕಿದರೆ ಡ್ರೈವರ್ ನಿಧಾನ ಆಗುತ್ತದೆ ಅಂತ ತಂಡದಲ್ಲಿ ಎಲ್ಲರೂ ಅಂದರು. ನಿಧಾನ ಆಗಲಿಲ್ಲ.

ಲಿನಕ್ಸ್ 4.8ಕ್ಕೂ ಮೊದಲು ಸ್ಲ್ಯಾಬ್‌ಗೆ (ಕೆಮ್ಯಾಲಾಕ್‌ನ ಹಿಂದೆ ನಿಂತು ಪೇಜ್‌ಗಳನ್ನು ಚಿಕ್ಕ ತುಂಡು ಮಾಡಿ ಹಂಚುವ ಭಾಗ) ಹೈಮೆಮ್ ಬಿಟ್ (ಕರ್ನಲ್‌ಗೆ ನೇರ ವಿಳಾಸ ಇಲ್ಲದ ಮೆಮೊರಿಯೂ ಆದೀತು ಅನ್ನುವ ಫ್ಲ್ಯಾಗ್) ಹೋದರೆ ಕರ್ನಲ್ ಬಗ್ ಹೊಡೆದು ಬೀಳುತ್ತಿತ್ತು. ಈಗ ಆ ಬಿಟ್ ತೆಗೆದುಹಾಕಿ, ನಿಮ್ಮ ಕೋಡ್ ಸರಿಮಾಡಿ ಅಂತ ಲಾಗ್‌ನಲ್ಲಿ ಬರೆದು ಮುಂದೆ ಹೋಗುತ್ತದೆ. ಆದರೆ ಚೆಕ್ ಇರುವುದು ಹೊಸ ಪೇಜ್ ತರುವ ಜಾಗದಲ್ಲಿ. ಹಳೆ ಸ್ಲ್ಯಾಬ್‌ನಲ್ಲೇ ಜಾಗ ಸಿಕ್ಕರೆ ಆ ಬಿಟ್ಟನ್ನು ಯಾರೂ ನೋಡುವುದಿಲ್ಲ. ನಮ್ಮ ಕೋಡ್ ಚಿಕ್ಕ ಟೆಸ್ಟ್‌ಗಳನ್ನೆಲ್ಲ ಸಲೀಸಾಗಿ ಪಾಸಾಗುತ್ತಿದ್ದದ್ದು ಹೀಗೆ.

ಇಂಥ ಕರೆಗಳನ್ನು ಹಿಡಿಯಲು ಮೊದಲು ಪ್ಯಾನಿಕ್ ಆನ್ ವಾರ್ನ್ (ವಾರ್ನ್ ಬಂದರೆ ಯಂತ್ರವನ್ನೇ ನಿಲ್ಲಿಸುವ ಸೆಟ್ಟಿಂಗ್) ಹಾಕಿ, ಬಾಡಿಗೆ ಯಂತ್ರಗಳ ಮೇಲೆ ರಾತ್ರಿಯಿಡೀ ಲೋಡ್ ಓಡಿಸಿದೆವು. ಒಂದೂ ನಿಲ್ಲಲಿಲ್ಲ! ಆ ಸಂದೇಶ ವಾರ್ನ್ ಅಲ್ಲ, ಬರೀ ಪ್ರಿಂಟ್ ಮತ್ತು ಸ್ಟ್ಯಾಕ್ ಡಂಪ್. ಟೆಸ್ಟಿಂಗ್‌ಗೆ ಇಟ್ಟ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಹೋಯಿತು. ಆಮೇಲೆ ಆ ಸಂದೇಶಕ್ಕಾಗಿ ಲಾಗ್ ಗ್ರೆಪ್ ಮಾಡಿ ಹುಡುಕಿದೆವು. ಆ ಸಂದೇಶಕ್ಕೆ ಮಿತಿ ಇಲ್ಲ, ಪ್ರತಿ ಸಲವೂ ಪ್ರಿಂಟ್ ಆಗುತ್ತದೆ. ಲಾಗ್ ತುಂಬಿ ಬೇಕಾದ ಸಾಲುಗಳೇ ಅಳಿಸಿಹೋದವು.

ಕೊನೆಗೆ ಕೆಮ್ಯಾಲಾಕ್ ಸುತ್ತ ನನ್ನದೇ ಒಂದು ಮ್ಯಾಕ್ರೋ ಬರೆದೆ. ಫ್ಲ್ಯಾಗ್ ಕಾನ್‌ಸ್ಟಂಟ್ (ಕೋಡ್‌ನಲ್ಲೇ ಬರೆದಿಟ್ಟ ಬೆಲೆ) ಆಗಿದ್ದರೆ ತಪ್ಪು ಬಿಲ್ಡ್‌ನಲ್ಲೇ ಸಿಕ್ಕಿಬೀಳುತ್ತದೆ, ಓಡುವಾಗ ಖರ್ಚು ಸೊನ್ನೆ. ವೇರಿಯೇಬಲ್ ಆಗಿದ್ದರೆ ಒಂದು ಆಂಡ್, ಒಂದು ಬ್ರಾಂಚ್, ಕರೆದ ಜಾಗದ ವಿಳಾಸದ ಜೊತೆ ವಾರ್ನ್ ಒನ್ಸ್ (ಒಂದೇ ಸಲ ಬರುವ ವಾರ್ನ್). ನಮ್ಮ ಕೋಡ್‌ನಲ್ಲಿ ಹತ್ತರಲ್ಲಿ ಒಂಬತ್ತು ಕರೆಗಳು ಕಾನ್‌ಸ್ಟಂಟ್. ಬೆಂಚ್‌ಮಾರ್ಕ್‌ನಲ್ಲಿ ವ್ಯತ್ಯಾಸ ಹುಡುಕಿದರೂ ಕಾಣಲಿಲ್ಲ. ವೇರಿಯೇಬಲ್ ಕರೆಗಳಲ್ಲಿ ಸಿಕ್ಕಿದ್ದೆಲ್ಲ ಬಹುತೇಕ ಒಂದೇ ಜಾತಿ: ಪೇಜ್ ಕ್ಯಾಶ್‌ನ (ಫೈಲ್ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಮ್ಯಾಪಿಂಗ್ ಮಾಸ್ಕನ್ನು, ಅಂದರೆ ಹೈಮೆಮ್ ಇರಬಹುದಾದ ಅದರ ಫ್ಲ್ಯಾಗ್‌ಗಳನ್ನು, ಹಾಗೇ ಸ್ಲ್ಯಾಬ್‌ಗೆ ಕೊಟ್ಟದ್ದು. ಅಂಥ ಕರೆಗಳನ್ನು ಓಡಿಸದೆ ಮೊದಲೇ ಹುಡುಕುವ ಒಂದು ಸ್ಕ್ರಿಪ್ಟೂ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸ್ಪಾರ್ಸ್ (ಕೋಡ್‌ನ ಟೈಪ್‌ಗಳನ್ನು ಚೆಕ್ ಮಾಡುವ ಟೂಲ್) ಕೂಡ ಓಡಿಸಿ ನೋಡಿದೆ. ಸೈಜ್ ಮತ್ತು ಫ್ಲ್ಯಾಗ್ ಅದಲುಬದಲಾದ ಒಂದು ಹಳೆ ಕರೆ ತಕ್ಷಣ ಸಿಕ್ಕಿತು. ಹೈಮೆಮ್ ಮಾತ್ರ ಅದಕ್ಕೆ ಕಾಣುವುದಿಲ್ಲ, ಟೈಪ್ ಸರಿ ಇದೆಯಲ್ವಾ.

ನನ್ನ ಮ್ಯಾಕ್ರೋ ಬಿಟ್ ತೆಗೆದು ಮುಂದೆ ಹೋಗುವುದಿಲ್ಲ, ನಲ್ ಕೊಡುತ್ತದೆ, ಅಂದರೆ ಮೆಮೊರಿ ಸಿಗಲಿಲ್ಲ ಅನ್ನುತ್ತದೆ. ಇದಕ್ಕೂ ಜಗಳ ಆಯಿತು. ನನ್ನ ಕಾರಣ ಇದು: ಡಿಎಂಎ32 ಬಿಟ್ (4 ಜಿಬಿ ಒಳಗಿನ ಮೆಮೊರಿಯೇ ಬೇಕು ಅನ್ನುವ ಫ್ಲ್ಯಾಗ್) ತೆಗೆದರೆ ಮೆಮೊರಿ 4 ಜಿಬಿ ಮೇಲೆ ಸಿಗಬಹುದು. 32 ಬಿಟ್ ಸಾಧನಕ್ಕೆ ಅದು ಎಟುಕುವುದಿಲ್ಲ. ಅಲ್ಲಿ ಕೆಮ್ಯಾಲಾಕೇ ಬೇಡ, ಸಾಧನಕ್ಕೆ ಎಟುಕುವ ವಿಳಾಸದ ಮಿತಿ ಹೇಳುವ ಡಿಎಂಎ ಮಾಸ್ಕ್ ಇಟ್ಟು ಡಿಎಂಎ ಎಪಿಐ (ಸಾಧನ ನೇರವಾಗಿ ಓದಿ ಬರೆಯುವ ಮೆಮೊರಿಗೆ ಇರುವ ಫಂಕ್ಷನ್‌ಗಳು) ಬಳಸಬೇಕು. ಎರಡು ಡ್ರೈವರ್‌ಗಳನ್ನು ಹಾಗೇ ಬದಲಿಸಿದೆ. ಬಾಡಿಗೆ ಯಂತ್ರಗಳ ಬಿಲ್ ಈಗ ಮೂರನೇ ಒಂದು ಭಾಗಕ್ಕೆ ಇಳಿದಿದೆ.