ಲೋಟದಲ್ಲಿ ಈಗ ಏನೇನಿದೆ? ನಾನು ದ್ರಾವಣಗಳ ಕೆಮಿಸ್ಟ್ರಿ ಕಲಿತ ಬಗೆ

ಪಿಯುಸಿ ಸೈನ್ಸ್ ತಗೊಂಡವರಲ್ಲಿ ಕೆಮಿಸ್ಟ್ರಿಗೆ ಹೆದರುವವರು ಎರಡು ಥರ. ಆರ್ಗ್ಯಾನಿಕ್ ಅಂದರೆ ನಡುಗುವವರು ಒಂದು ಗುಂಪು, ಲೆಕ್ಕ ಅಂದರೆ ನಡುಗುವವರು ಇನ್ನೊಂದು. ನಾನು ಎರಡನೇ ಗುಂಪಿನವನು. ಮೋಲಾರಿಟಿ, ಮೊಲಾಲಿಟಿ, ಸಾಲ್ಯುಬಿಲಿಟಿ ಪ್ರಾಡಕ್ಟ್, ಆಮೇಲೆ ಲ್ಯಾಬಿನ ಸಾಲ್ಟ್ ಅನಾಲಿಸಿಸ್ (ಗೊತ್ತಿಲ್ಲದ ಲವಣದಲ್ಲಿ ಏನಿದೆ ಅಂತ ಪತ್ತೆ ಮಾಡುವುದು), ಇವು ಯಾವುವೂ ಒಂದಕ್ಕೊಂದು ಸಂಬಂಧ ಇರುವ ಹಾಗೆ ಕಾಣುತ್ತಿರಲಿಲ್ಲ. ಈಗ ಸಂಜೆ ಹೊತ್ತು ಪಿಯು ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ. "ಸರ್, ನಿಮಗೆ ಹೇಗೆ ಬಂತು ಇದು?" ಅಂತ ಕೇಳುವವರು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಬಂದಾಗ ಎಲ್ಲ ಇಂಗ್ಲಿಷ್. ಆ ಕಷ್ಟ ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ. ನನ್ನನ್ನು ಕಾಪಾಡಿದ್ದು ಒಂದು ಚಿತ್ರ. ನಮ್ಮ ಲೆಕ್ಚರರ್ ಒಬ್ಬರು ಬೋರ್ಡ್ ಮೇಲೆ ಇಕ್ವೇಶನ್ ಬರೆಯುವ ಮೊದಲು ಒಂದು ಬೀಕರ್ ಬರೆಯುತ್ತಿದ್ದರು. ಬರೆದು, ಹಿಂದಿನ ಬೆಂಚಿನ ಯಾರನ್ನಾದರೂ ಎಬ್ಬಿಸಿ, "ಹೇಳಪ್ಪಾ, ಈ ಲೋಟದಲ್ಲಿ ಈಗ ಏನೇನಿದೆ?" ಅಂತ ಕೇಳುತ್ತಿದ್ದರು. ಅಷ್ಟೇ. ನಾನು ಅದನ್ನು ಹಾಗೇ ಎತ್ತಿಕೊಂಡೆ. ನೋಟ್‌ಬುಕ್ಕಿನ ಎಡಗಡೆ ಪುಟ ಪೂರ್ತಿ ಲೋಟಗಳು. ಬಲಗಡೆ ಲೆಕ್ಕ. ಎಡಗಡೆ ತುಂಬುವವರೆಗೂ ಬಲಗಡೆ ಪೆನ್ ಇಡುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೆ. ಚಿತ್ರಕ್ಕೆ ಇಂಗ್ಲಿಷ್ ಬೇಕಾಗಿಲ್ಲ ಅಲ್ವಾ.

ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸುತ್ತೇನೆ, ಇಲ್ಲದಿದ್ದರೆ ಇದು ಸುಮ್ನೆ ಮಾತಾಗುತ್ತದೆ.

50 ಮಿ.ಲೀ. 0.1 ಮೋಲಾರ್ ಸಿಲ್ವರ್ ನೈಟ್ರೇಟ್ ಇದೆ. (ಮೋಲ್ ಅಂದರೆ ಡಜನ್ ಥರ ಕಣ ಎಣಿಸುವ ಅಳತೆ; ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವುದೇ ಮೋಲಾರಿಟಿ.) ಅದಕ್ಕೆ 50 ಮಿ.ಲೀ. 0.2 ಮೋಲಾರ್ ಉಪ್ಪುನೀರು ಹಾಕಿದೆವು. ಪುಸ್ತಕದಲ್ಲಿ ಒಂದು ಸಾಲಿನ ಇಕ್ವೇಶನ್ ಇರುತ್ತದೆ, ಎಡಗಡೆ ಎರಡು ಹೆಸರು, ಬಲಗಡೆ ಎರಡು ಹೆಸರು. ಅದನ್ನು ಮರೆತುಬಿಡಿ. ಮಿ.ಲೀ. ಅನ್ನು ಮೋಲಾರಿಟಿಯಿಂದ ಗುಣಿಸಿದರೆ ಮಿಲಿಮೋಲ್ ಬರುತ್ತದೆ. ಹಾಗಾಗಿ ಲೋಟದಲ್ಲಿ 5 ಮಿಲಿಮೋಲ್ ಸಿಲ್ವರ್ ಅಯಾನು (ಚಾರ್ಜ್ ಹೊತ್ತ ಕಣ), 5 ನೈಟ್ರೇಟ್, 10 ಸೋಡಿಯಂ, 10 ಕ್ಲೋರೈಡ್. ಸಿಲ್ವರ್ ಮತ್ತು ಕ್ಲೋರೈಡ್ ಸಿಕ್ಕಿದ ಕೂಡಲೇ ಬಿಳಿ ಪ್ರಕ್ಷೇಪವಾಗಿ ತಳಕ್ಕೆ ಕೂರುತ್ತವೆ. ಸಿಲ್ವರ್ 5 ಇತ್ತು, ಅದರ ಜೊತೆ 5 ಕ್ಲೋರೈಡ್ ಹೋಯಿತು. ಸೋಡಿಯಂ, ನೈಟ್ರೇಟ್ ಏನೂ ಮಾಡಲಿಲ್ಲ, ಇದ್ದ ಹಾಗೇ ಇವೆ. ಈಗ ಒಟ್ಟು ನೀರು 100 ಮಿ.ಲೀ. ಅಂದರೆ ಸೋಡಿಯಂ 0.1 ಮೋಲಾರ್, ನೈಟ್ರೇಟ್ 0.05, ಉಳಿದ ಕ್ಲೋರೈಡ್ 0.05. ತಳದಲ್ಲಿ ಕೂತಿದ್ದು 5 ಮಿಲಿಮೋಲ್ ಸಿಲ್ವರ್ ಕ್ಲೋರೈಡ್, ತೂಕ ಹಾಕಿದರೆ ಹತ್ತಿರ ಹತ್ತಿರ 0.72 ಗ್ರಾಂ.

ಇಲ್ಲಿ ಒಂದು ತಾಳೆ ನೋಡುವ ವಿಧಾನ ಇದೆ, ಇದು ನನಗೆ ತುಂಬಾ ಇಷ್ಟ. ನೀರಿನಲ್ಲಿ ಉಳಿದ ಧನ ಚಾರ್ಜ್ ಎಷ್ಟು? 0.1. ಋಣ ಚಾರ್ಜ್ ಎಷ್ಟು? 0.05 ಮತ್ತು 0.05, ಕೂಡಿದರೆ 0.1. ಸರಿಹೋಯಿತು. ಯಾವ ದ್ರಾವಣವೂ ಒಂದೇ ಕಡೆಯ ಚಾರ್ಜ್ ಹೊತ್ತುಕೊಂಡು ಕೂರುವುದಿಲ್ಲ. ಈ ತಾಳೆ ಬರಲಿಲ್ಲ ಅಂದರೆ ಎಲ್ಲೋ ಲೆಕ್ಕ ಹಳಿ ತಪ್ಪಿದೆ ಅಂತ ಉತ್ತರ ನೋಡದೆಯೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಉತ್ತರದ ಪುಟ ಇರುವುದಿಲ್ಲವಲ್ಲ, ಆಗ ಇದೇ ಗತಿ.

ಇನ್ನು ದ್ರಾವಣ ತಯಾರಿಸುವ ವಿಷಯ. ಲ್ಯಾಬಿನಲ್ಲಿ ಮೊದಲು ಮಾಡಿಸುವುದು 0.1 ಮೋಲಾರ್ ಆಕ್ಸಾಲಿಕ್ ಆಸಿಡ್, 250 ಮಿ.ಲೀ. ಹರಳಿನಲ್ಲಿ ಎರಡು ನೀರಿನ ಅಣು ಸೇರಿಕೊಂಡೇ ಇರುವುದರಿಂದ ಮೋಲಾರ್ ಮಾಸ್, ಅಂದರೆ ಒಂದು ಮೋಲ್‌ನ ತೂಕ, 126 ಗ್ರಾಂ, ಹಾಗಾಗಿ ತೂಗಬೇಕಾದ್ದು 3.15 ಗ್ರಾಂ. ಇಲ್ಲಿ ತುಂಬಾ ಮಕ್ಕಳು 250 ಮಿ.ಲೀ. ನೀರು ಅಳೆದು ಅದಕ್ಕೆ ಪುಡಿ ಸುರಿಯಲು ಹೋಗುತ್ತಾರೆ. ಹಾಗಲ್ಲ. ಸ್ವಲ್ಪ ನೀರಲ್ಲಿ ಕರಗಿಸಿ, ಫನೆಲ್ ಮೂಲಕ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಹಾಕಿ, ಬೀಕರ್ ಮತ್ತು ಫನೆಲ್ ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಕೊನೆಗೆ ಕತ್ತಿನ ಗೆರೆಯವರೆಗೆ ನೀರು ತುಂಬಬೇಕು. ಕೊನೆಯ ಹನಿಗಳು ಡ್ರಾಪರ್‌ನಲ್ಲಿ. ಮೋಲಾರಿಟಿ ಅಂದರೆ ದ್ರಾವಣದ ಲೀಟರ್ ಲೆಕ್ಕ, ನೀರಿನ ಲೀಟರ್ ಅಲ್ಲ. ಮೊಲಾಲಿಟಿಯಲ್ಲಿ ದ್ರಾವಕದ ಕಿಲೋ ಲೆಕ್ಕ. ಬಿಸಿಯಾದರೆ ದ್ರಾವಣ ಹಿಗ್ಗುತ್ತದೆ, ಕಿಲೋ ಹಿಗ್ಗುವುದಿಲ್ಲ, ಅದಕ್ಕೇ ಕುದಿಯುವ ಬಿಂದು, ಹೆಪ್ಪುಗಟ್ಟುವ ಬಿಂದುವಿನ ಲೆಕ್ಕಗಳಲ್ಲಿ ಮೊಲಾಲಿಟಿ ಬರುವುದು. ಫ್ಲಾಸ್ಕ್ ಕೈಯಲ್ಲಿ ಹಿಡಿದ ಮೇಲೆ ಇದನ್ನು ಬಾಯಿಪಾಠ ಮಾಡಬೇಕು ಅಂತ ಅನ್ನಿಸಲೇ ಇಲ್ಲ.

ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆಯುವುದು) ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ರಿಯಾಕ್ಷನ್ ಅನ್ನುವುದನ್ನು ಕಣ್ಣಿನಿಂದ ನೋಡಿ ಕಲಿತಿದ್ದು ಅಲ್ಲೇ. ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಬ್ಯೂರೆಟ್‌ನಲ್ಲಿ, ಆಕ್ಸಾಲಿಕ್ ಆಸಿಡ್ ಕೆಳಗೆ ಕೋನಿಕಲ್ ಫ್ಲಾಸ್ಕಿನಲ್ಲಿ. ನಮ್ಮ ಲ್ಯಾಬಿನ ಅಟೆಂಡರ್ ಒಬ್ಬರಿದ್ದರು, ನಾವೆಲ್ಲ ಅಣ್ಣಾ ಅಂತಲೇ ಕರೆಯುತ್ತಿದ್ದೆವು. ನಾನು ಬ್ಯೂರೆಟ್ ತುಂಬಿ ರೀಡಿಂಗ್ ಬರೆಯಲು ಹೊರಟಾಗ ಪಕ್ಕಕ್ಕೆ ಬಂದು, "ತಮ್ಮಾ, ತುದೀಲಿ ಗಾಳಿ ಕೂತಿದೆ ನೋಡು, ಒಂದ್ಸಲ ಜೋರಾಗಿ ಬಿಟ್ಟು ಕಳಿಸು ಅದನ್ನ" ಅಂದರು. ಆ ಗುಳ್ಳೆ ನಡುವೆ ಹೊರಗೆ ಬಂದರೆ ಅಷ್ಟು ರೀಡಿಂಗ್ ಜಾಸ್ತಿ ಬರುತ್ತದೆ. ಬಣ್ಣ ಗಾಢವಾಗಿರುವುದರಿಂದ ಪರ್ಮ್ಯಾಂಗನೇಟ್‌ನಲ್ಲಿ ಕೆಳಗಿನ ಬಾಗು ಕಾಣುವುದಿಲ್ಲ, ಮೇಲಿನ ಅಂಚು ನೋಡಿ ಬರೆಯಬೇಕು, ಅಂತ ಹೇಳಿದವರೂ ಅವರೇ.

ಕೆಳಗಿನ ಫ್ಲಾಸ್ಕಿಗೆ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ, 60-70 ಡಿಗ್ರಿಗೆ ಬಿಸಿ ಮಾಡಿ, ಮೊದಲ ಹನಿ ಬಿಡಿ. ಗುಲಾಬಿ ಬಣ್ಣ ಹೋಗುವುದೇ ಇಲ್ಲ. ಅಲ್ಲಾಡಿಸುತ್ತಾ ಕಾಯಬೇಕು. ಆಗಲೇ ಮುಗಿಯಿತೇನೋ ಅಂದುಕೊಳ್ಳುವಷ್ಟರಲ್ಲಿ ಮಾಯವಾಗುತ್ತದೆ. ಆಮೇಲಿನ ಹನಿಗಳು ಬಿದ್ದ ಬಿದ್ದ ಹಾಗೇ ಬಣ್ಣ ಕಳೆದುಕೊಳ್ಳುತ್ತವೆ. ಹಸಿ ಸೌದೆಯ ಒಲೆ ಹಾಗೆ, ಹತ್ತಿಕೊಳ್ಳುವವರೆಗೆ ಕಷ್ಟ, ಹತ್ತಿದ ಮೇಲೆ ತಾನೇ ಉರಿಯುತ್ತದೆ. ಕಾರಣ ಕೇಳಿದರೆ ಮತ್ತೆ ಅದೇ ಪ್ರಶ್ನೆ: ಲೋಟದಲ್ಲಿ ಈಗ ಏನಿದೆ? ಮೊದಲ ಹನಿಗೆ ಮುಂಚೆ ಮ್ಯಾಂಗನೀಸ್ ಇರಲಿಲ್ಲ. ಮೊದಲ ಹನಿಯ ಪರ್ಮ್ಯಾಂಗನೇಟ್ ಕೆಲಸ ಮುಗಿಸಿದಾಗ ಬಣ್ಣವೇ ಇಲ್ಲದಂಥ ಮ್ಯಾಂಗನೀಸ್ ಅಯಾನು ಹುಟ್ಟುತ್ತದೆ, ಅದೇ ಮುಂದಿನ ಹನಿಗಳಿಗೆ ಕ್ಯಾಟಲಿಸ್ಟ್, ಅಂದರೆ ರಿಯಾಕ್ಷನ್ನಿನ ವೇಗ ಹೆಚ್ಚಿಸುವುದು. ಆಟೋಕ್ಯಾಟಲಿಸಿಸ್ ಅಂತ ಥಿಯರಿಯಲ್ಲಿ ಎರಡು ಸಾಲು ಓದಿದ್ದು ಇದೇ.

ಸಲ್ಫ್ಯೂರಿಕ್ ಆಸಿಡ್ಡೇ ಯಾಕೆ ಅಂತ ವೈವಾದಲ್ಲಿ ಕೇಳೇ ಕೇಳುತ್ತಾರೆ. ಹೈಡ್ರೋಕ್ಲೋರಿಕ್ ಹಾಕಿದರೆ ಲೋಟದಲ್ಲಿ ಕ್ಲೋರೈಡ್ ಇರುತ್ತದೆ, ಪರ್ಮ್ಯಾಂಗನೇಟ್ ಅದನ್ನೂ ಬಿಡದೆ ಕ್ಲೋರಿನ್ ಮಾಡುತ್ತದೆ, ಲೆಕ್ಕ ಕೆಡುತ್ತದೆ. ನೈಟ್ರಿಕ್ ಹಾಕಿದರೆ ಅದೇ ಇನ್ನೊಂದು ಆಕ್ಸಿಡೈಸರ್, ಅಂದರೆ ಪರ್ಮ್ಯಾಂಗನೇಟ್ ಥರವೇ ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು. ಆಸಿಡ್ ಕಡಿಮೆಯಾದರೆ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಬರುತ್ತದೆ. ಆಕ್ಸಾಲಿಕ್ ಬದಲು ಮೋರ್ಸ್ ಸಾಲ್ಟ್ (ಫೆರಸ್ ಕಬ್ಬಿಣದ ಲವಣ) ಇದ್ದರೆ ಮಾತ್ರ ಬಿಸಿ ಮಾಡಬಾರದು, ಫೆರಸ್ ಕಬ್ಬಿಣ ಗಾಳಿಯಿಂದಲೇ ಫೆರಿಕ್ ಆಗಿಬಿಡುತ್ತದೆ.

ಲೆಕ್ಕ ಹೀಗೆ. 10 ಮಿ.ಲೀ. 0.1 ಮೋಲಾರ್ ಆಕ್ಸಾಲಿಕ್ ಆಸಿಡ್ ಅಂದರೆ 1 ಮಿಲಿಮೋಲ್. ಒಂದೊಂದು ಆಕ್ಸಲೇಟ್ 2 ಎಲೆಕ್ಟ್ರಾನ್ ಕೊಡುತ್ತದೆ, ಒಟ್ಟು 2. ಒಂದೊಂದು ಪರ್ಮ್ಯಾಂಗನೇಟ್ 5 ತೆಗೆದುಕೊಳ್ಳುತ್ತದೆ. 2 ಅನ್ನು 5ರಿಂದ ಭಾಗಿಸಿದರೆ 0.4 ಮಿಲಿಮೋಲ್ ಪರ್ಮ್ಯಾಂಗನೇಟ್ ಸಾಕು. ಬ್ಯೂರೆಟ್‌ನಲ್ಲಿ 0.02 ಮೋಲಾರ್ ಇದ್ದರೆ 20 ಮಿ.ಲೀ. ಇಳಿಯಬೇಕು. ಇಷ್ಟೇ. ಎಡಗಡೆ ಎಂ1ವಿ1, ಬಲಗಡೆ ಎಂ2ವಿ2 (ಮೋಲಾರಿಟಿ ಗುಣಿಲೆ ಗಾತ್ರ) ಅಂತ ಕಣ್ಣು ಮುಚ್ಚಿ ಹಾಕುವವರಿಗೆ ಇಲ್ಲಿ 20 ಮಿ.ಲೀ.ಗೆ ಬದಲು 50 ಬರುತ್ತದೋ ಇನ್ನೇನು ಬರುತ್ತದೋ ದೇವರಿಗೇ ಗೊತ್ತು. ಆ ಸೂತ್ರ ನೀರು ಬೆರೆಸಿ ತೆಳು ಮಾಡುವ ಲೆಕ್ಕಕ್ಕೆ ಚೆನ್ನ. ಎಲ್ಲ ಕಡೆ ಎಳೆದು ತರಬಾರದು.

ಸಾಲ್ಟ್ ಅನಾಲಿಸಿಸ್ ಅನ್ನು ಹೆಚ್ಚಿನವರು ಅಡುಗೆ ಪುಸ್ತಕದ ಥರ ಮಾಡುತ್ತಾರೆ: ಇದು ಹಾಕು, ಅದು ಹಾಕು, ಬಿಳಿ ಬಂದರೆ ಇಂಥದ್ದು. ಮಾರ್ಕ್ಸ್ ಬರುತ್ತದೆ, ಆದರೆ ಈಕ್ವಿಲಿಬ್ರಿಯಂ (ಎರಡೂ ದಿಕ್ಕಿಗೆ ನಡೆಯುವ ರಿಯಾಕ್ಷನ್ನಿನ ಸಮತೋಲ) ಪಾಠ ಪೂರ್ತಿ ಅಲ್ಲಿ ಬಚ್ಚಿಟ್ಟುಕೊಂಡು ಕೂತಿದೆ ಅನ್ನುವುದು ಗೊತ್ತಾಗುವುದಿಲ್ಲ. ಲವಣದ ಲೋಹದ ಅಯಾನುಗಳನ್ನು ಗುಂಪು ಗುಂಪಾಗಿ ಪ್ರಕ್ಷೇಪ ಮಾಡಿ ಬೇರ್ಪಡಿಸುತ್ತಾರೆ. ಅದರಲ್ಲಿ ಅಲ್ಯೂಮಿನಿಯಂ ಇರುವ ಮೂರನೇ ಗುಂಪನ್ನೇ ತಗೊಳ್ಳಿ. ಅಮೋನಿಯಂ ಹೈಡ್ರಾಕ್ಸೈಡ್ (ನೀರಲ್ಲಿ ಕರಗಿದ ಅಮೋನಿಯಾ) ಹಾಕುವ ಮೊದಲು ಅಮೋನಿಯಂ ಕ್ಲೋರೈಡ್ ಹಾಕಿ ಅನ್ನುತ್ತಾರೆ. ಯಾಕೆ ಅಂತ ನಾನು ಒಂದು ಭಾನುವಾರ ಕೂತು ಲೆಕ್ಕ ಮಾಡಿದೆ. ಲೋಟದಲ್ಲಿ 0.1 ಮೋಲಾರ್ ಮೆಗ್ನೀಶಿಯಂ ಇದೆ ಅಂತಿಟ್ಟುಕೊಳ್ಳಿ. ಬರೀ 0.1 ಮೋಲಾರ್ ಅಮೋನಿಯಾ ಇದ್ದರೆ ಹೈಡ್ರಾಕ್ಸೈಡ್ ಸುಮಾರು 0.0013 ಮೋಲಾರ್. ಅದರ ವರ್ಗವನ್ನು ಮೆಗ್ನೀಶಿಯಂ ಪ್ರಮಾಣದಿಂದ ಗುಣಿಸಿದರೆ 1.8 ಗುಣಿಲೆ 10ರ ಘಾತ ಮೈನಸ್ 7 ಬರುತ್ತದೆ. ಮೆಗ್ನೀಶಿಯಂ ಹೈಡ್ರಾಕ್ಸೈಡಿನ ಸಾಲ್ಯುಬಿಲಿಟಿ ಪ್ರಾಡಕ್ಟ್, ಅಂದರೆ ಪ್ರಕ್ಷೇಪ ಬೀಳದೆ ಈ ಗುಣಲಬ್ಧ ಇರಬಹುದಾದ ಮಿತಿ, 1.8 ಗುಣಿಲೆ 10ರ ಘಾತ ಮೈನಸ್ 11. ಮಿತಿ ಮೀರಿತು, ಪ್ರಕ್ಷೇಪ ಬೀಳುತ್ತದೆ. ಆರನೇ ಗುಂಪಿನ ಮೆಗ್ನೀಶಿಯಂ ಮೂರನೆಯದರಲ್ಲೇ ಬಂದು ಕೂತರೆ ಎಲ್ಲ ಅಯೋಮಯ.

ಈಗ ಅದೇ ಲೋಟಕ್ಕೆ 1 ಮೋಲಾರ್ ಆಗುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ. ಅಮೋನಿಯಂ ಅಯಾನು ತುಂಬಿಕೊಂಡಿದ್ದರಿಂದ ಅಮೋನಿಯಾ ಹೈಡ್ರಾಕ್ಸೈಡ್ ಬಿಡಲು ಹಿಂಜರಿಯುತ್ತದೆ. ಹೈಡ್ರಾಕ್ಸೈಡ್ 1.8 ಗುಣಿಲೆ 10ರ ಘಾತ ಮೈನಸ್ 6ಕ್ಕೆ ಇಳಿಯುತ್ತದೆ. ಈಗ ಗುಣಲಬ್ಧ 3.2 ಗುಣಿಲೆ 10ರ ಘಾತ ಮೈನಸ್ 13. ಮಿತಿಗಿಂತ ಕೆಳಗೆ, ಮೆಗ್ನೀಶಿಯಂ ಸುಮ್ಮನೆ ನೀರಲ್ಲೇ ಇರುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಮಿತಿ 10ರ ಘಾತ ಮೈನಸ್ 33ರ ಆಸುಪಾಸು, ಆ ಚೂರು ಹೈಡ್ರಾಕ್ಸೈಡೇ ಅದಕ್ಕೆ ಧಾರಾಳ. ಬಿಳಿ ಅಂಟಂಟು ಪ್ರಕ್ಷೇಪವಾಗಿ ಇಳಿಯುತ್ತದೆ. ಕಾಮನ್ ಅಯಾನ್ ಎಫೆಕ್ಟ್ ಅಂತ ಪಾಠದಲ್ಲಿ ಓದಿದಾಗ ಏನೂ ಅನ್ನಿಸಿರಲಿಲ್ಲ. ಈ ಲೆಕ್ಕ ಮುಗಿದ ಮೇಲೆ ಟೆಸ್ಟ್‌ಟ್ಯೂಬ್ ನೋಡುವ ದೃಷ್ಟಿಯೇ ಬೇರೆಯಾಯಿತು. ಈ ಒಂದು ಲೆಕ್ಕ ಕೈಯಾರೆ ಮಾಡಿ ಅಂತ ನನ್ನ ಹತ್ತಿರ ಬರುವ ಎಲ್ಲರಿಗೂ ಹೇಳುತ್ತೇನೆ.

ಅಂದಹಾಗೆ ಲ್ಯಾಬಿನಲ್ಲಿ ನೋಡಲು ಎಲ್ಲಕ್ಕಿಂತ ಚೆಂದ ಯಾವುದು ಅಂದರೆ ಲೆಡ್ ಅಯೋಡೈಡ್. ಹಳದಿ ಪ್ರಕ್ಷೇಪ, ಬಿಸಿ ನೀರಲ್ಲಿ ಕರಗಿ ಬಣ್ಣವೇ ಇಲ್ಲದಂತಾಗುತ್ತದೆ, ತಣ್ಣಗಾಗುತ್ತಾ ಚಿನ್ನದ ಚೂರುಗಳು ಉದುರುತ್ತವೆ. ಪ್ರಶ್ನೆಗೆ ಬರಲಿ ಬಿಡಲಿ, ಒಂದು ಸಲ ನೋಡಿ.

ಹಳ್ಳಿ ಕಡೆ ಮನೆಯಲ್ಲಿ ಲ್ಯಾಬ್ ಎಲ್ಲಿಂದ ಬರಬೇಕು? ಆದರೆ ಸುಣ್ಣ ಇರುತ್ತದಲ್ಲ. ಎಲೆಅಡಿಕೆಗೆ ಹಾಕುವ ಸುಣ್ಣ ಚಿಟಿಕೆಯಷ್ಟು ನೀರಿಗೆ ಕಲಕಿ, ತಳ ಕೂರಲು ಬಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಅರಿಶಿನ ಹಾಕಿದರೆ ಆರತಿ ತಟ್ಟೆಯ ಕೆಂಪು ನೀರು. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬೇರೆ ಲೋಟದ ತಿಳಿನೀರಿಗೆ ಸ್ಟ್ರಾ ಹಾಕಿ ಊದಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರಿ ಕ್ಯಾಲ್ಶಿಯಂ ಕಾರ್ಬೊನೇಟ್ ಆಗುವುದರಿಂದ. (ಊದಬೇಕು, ಎಳೆದುಕೊಳ್ಳಬಾರದು. ಸುಣ್ಣ ಬಾಯಿ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ.) ಊದುತ್ತಲೇ ಇದ್ದರೆ ಬೈಕಾರ್ಬೊನೇಟ್ ಆಗಿ ನಿಧಾನಕ್ಕೆ ತಿಳಿಯಾಗುತ್ತಾ ಬರುತ್ತದೆ. ಆ ನೀರನ್ನು ಕುದಿಸಿದರೆ ಮತ್ತೆ ಬಿಳಿ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೇ ರಿಯಾಕ್ಷನ್ನು. ಒಂದೇ ಲೋಟದಲ್ಲಿ ಆ ಕಡೆ ಈ ಕಡೆ ಓಡಾಡುವ ಈಕ್ವಿಲಿಬ್ರಿಯಂ ಇದಕ್ಕಿಂತ ಸಸ್ತಾ ಬೇರೆಲ್ಲೂ ಸಿಗುವುದಿಲ್ಲ.

ಕೊಲಿಗೇಟಿವ್ ಪ್ರಾಪರ್ಟೀಸ್ (ಏನಾದರೂ ಕರಗಿದಾಗ ಹೆಪ್ಪುಗಟ್ಟುವ ಬಿಂದು ಇಳಿಯುವಂಥ ಗುಣಗಳು) ನನಗೆ ಸುಲಭವಾಗಿದ್ದು ಎಣಿಕೆಯಿಂದ. ನೀರಿಗೆ ಕಣ ಎಷ್ಟು ಅನ್ನುವುದು ಮುಖ್ಯ, ಯಾವುದು ಅನ್ನುವುದಲ್ಲ. 0.1 ಮೊಲಾಲ್ ಗ್ಲೂಕೋಸ್ ನೀರನ್ನು ಮೈನಸ್ 0.186 ಡಿಗ್ರಿಗೆ ಹೆಪ್ಪುಗಟ್ಟಿಸುತ್ತದೆ. ಅಷ್ಟೇ ಉಪ್ಪು ಹಾಕಿದರೆ ಇಳಿಕೆ ಹತ್ತಿರ ಹತ್ತಿರ ಎರಡರಷ್ಟು, ಒಂದು ಉಪ್ಪು ಎರಡು ಕಣವಾಗುತ್ತದಲ್ಲ. ಅಳೆದು ನೋಡಿದರೆ ಸರಿಯಾಗಿ ಎರಡಲ್ಲ, 1.87, ಅಯಾನುಗಳು ಒಂದನ್ನೊಂದು ಸೆಳೆಯುತ್ತವೆ. ಕರೆಂಟ್ ಹಾಯಿಸದೆಯೂ ಉಪ್ಪು ನೀರಲ್ಲಿ ಅಯಾನುಗಳಾಗಿ ಬಿಡಿಬಿಡಿಯಾಗಿ ಇರುತ್ತದೆ ಅಂತ ಹೇಳಿದ್ದು ಸ್ವೀಡನ್ನಿನ ಅರ್ಹೀನಿಯಸ್. 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಆ ಪ್ರಬಂಧಕ್ಕೆ ಕಡಿಮೆ ದರ್ಜೆ ಕೊಟ್ಟರು. 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಕಡಿಮೆ ಮಾರ್ಕ್ಸ್ ಬಂದ ಮಕ್ಕಳಿಗೆ ನಾನು ಈ ಕಥೆ ಹೇಳುತ್ತೇನೆ, ಅವರ ಅಪ್ಪ ಅಮ್ಮನ ಎದುರಿಗೆ ಹೇಳುವುದಿಲ್ಲ.

ಯಾವುದು ಮೊದಲು ಓದಬೇಕು ಅಂತ ಕೇಳಿದರೆ, ಮೋಲ್ ಲೆಕ್ಕ, ಆಮೇಲೆ ರೆಡಾಕ್ಸ್, ಆಮೇಲೆ ಅಯಾನಿಕ್ ಈಕ್ವಿಲಿಬ್ರಿಯಂ, ಅದಾದ ಮೇಲೆ ಸೊಲ್ಯೂಷನ್ಸ್. ಪುಸ್ತಕದ ಕ್ರಮ ಏನೇ ಇರಲಿ.

ಈಗ ನೀವೇ ಒಂದು ಲೋಟ ಬರೆಯಿರಿ. 25 ಮಿ.ಲೀ. 0.1 ಮೋಲಾರ್ ಬೇರಿಯಂ ಕ್ಲೋರೈಡ್, ಅದಕ್ಕೆ 25 ಮಿ.ಲೀ. 0.1 ಮೋಲಾರ್ ಸೋಡಿಯಂ ಸಲ್ಫೇಟ್. ಒಂದು ಬೇರಿಯಂ ಜೊತೆ ಎರಡು ಕ್ಲೋರೈಡ್ ಬರುತ್ತದೆ, ಒಂದು ಸಲ್ಫೇಟ್ ಜೊತೆ ಎರಡು ಸೋಡಿಯಂ, ಅದು ನೆನಪಿರಲಿ. ಎಲ್ಲ ಎಣಿಸಿ, ಚಾರ್ಜ್ ತಾಳೆ ನೋಡಿ. ಬಿಳಿ ಬೇರಿಯಂ ಸಲ್ಫೇಟ್ ಸುಮಾರು 0.58 ಗ್ರಾಂ ಬೀಳುತ್ತದೆ, ಸೋಸಿದರೆ ಉಳಿಯುವುದು 0.1 ಮೋಲಾರ್ ಉಪ್ಪುನೀರು. ಆದರೆ ರುಚಿ ನೋಡಲು ಹೋಗಬೇಡಿ, ಕರಗಿದ ಬೇರಿಯಂ ವಿಷ.